ಅನಿಮೇಷನ್ ಚಿತ್ರಗಳ ಮರುನಿರ್ಮಾಣ ಮತ್ತು ಪ್ರೇಕ್ಷಕರ ಪ್ರತಿಕ್ರಿಯೆ

2025ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ಅಮೆರಿಕದ ವಾಲ್ಟ್ ಡಿಸ್ನಿ ಸಂಸ್ಥೆಯು ‘ಸ್ನೋ ವೈಟ್’ ಎಂಬ ಚಿತ್ರವನ್ನೂ, ಮೇ ತಿಂಗಳಿನಲ್ಲಿ ‘ಲಿಲೊ ಅಂಡ್ ಸ್ಟಿಚ್’ ಎಂಬ ಚಿತ್ರವನ್ನೂ ತೆರೆಗೆ ತಂದಿತು. ಎರಡೂ ಅದೇ ಸಂಸ್ಥೆ ಹಿಂದೆ ಮಕ್ಕಳಿಗಾಗಿ ತಯಾರಿಸಿದ್ದ ಅನಿಮೇಷನ್ ಚಿತ್ರಗಳ ಮರುನಿರ್ಮಾಣಗಳು. ಮೊದಲನೆಯದರ ಮೂಲ 1937ರದು, ಎರಡನೆಯದರ ಮೂಲ 2002ರದು. ಕೈಯಿಂದ ಬರೆದ ರೇಖೆಗಳ ಸ್ಥಾನದಲ್ಲಿ ನಟನಟಿಯರನ್ನು ನಿಲ್ಲಿಸಿ ಹಳೆಯ ಕಥೆಯನ್ನೇ ಪುನಃ ಹೇಳುವ ಇಂತಹ ಚಿತ್ರಗಳಿಗೆ ‘ಲೈವ್ ಆ್ಯಕ್ಷನ್’ ಚಿತ್ರಗಳೆಂದು ಹೆಸರು. ಇವುಗಳಲ್ಲಿ ಮೊದಲನೆಯದು ಜಗತ್ತಿನಾದ್ಯಂತ ಸುಮಾರು 20 ಕೋಟಿ ಡಾಲರುಗಳನ್ನು ಮಾತ್ರ ಗಳಿಸಿ, ತಯಾರಿಕೆಯ ವೆಚ್ಚವನ್ನೂ ಹುಟ್ಟಿಸಲಾರದೆ ಹೋಯಿತು. ಎರಡನೆಯದು 100 ಕೋಟಿ ಡಾಲರುಗಳನ್ನು ಮೀರಿತು. ತಯಾರಿಸಿದ ಕೈ ಒಂದೇ, ಕಾಲ ಹೆಚ್ಚುಕಡಿಮೆ ಒಂದೇ. ಫಲ ಮಾತ್ರ ಇಷ್ಟು ಭಿನ್ನ. ಮರುನಿರ್ಮಾಣಗಳಿಂದ ಪ್ರೇಕ್ಷಕರು ಬೇಸತ್ತಿದ್ದಾರೆಂದು ಮಾರ್ಚ್‌ನಲ್ಲಿ ಬರೆದ ಪತ್ರಿಕೆಗಳು, ಪ್ರೇಕ್ಷಕರು ಅವುಗಳಿಗಾಗಿ ಹಾತೊರೆಯುತ್ತಿದ್ದಾರೆಂದು ಜೂನ್‌ನಲ್ಲಿ ಬರೆದುವು.

ಜನಾಭಿಪ್ರಾಯವೆಂಬುದು ಇತಿಹಾಸದ ವಿದ್ಯಾರ್ಥಿಗೆ ಯಾವ ಕಾಲದಲ್ಲಿಯೂ ಸುಲಭವಾಗಿ ಕೈಗೆ ಸಿಕ್ಕ ವಸ್ತುವಲ್ಲ. ಹಿಂದಿನ ಕಾಲಗಳಿಗೆ ಆಧಾರಗಳು ಸಾಲವು. ನಮ್ಮ ಕಾಲಕ್ಕಾದರೋ ಅವು ಅತಿಯಾಗಿ, ಪ್ರತಿಯೊಂದೂ ತಾನೇ ಜನರ ಮಾತೆಂದು ಸಾಧಿಸುತ್ತದೆ. ಮರುನಿರ್ಮಾಣಗಳಿಗೆ ಬಂದ ಪ್ರತಿಕ್ರಿಯೆಗಳನ್ನು ಆಧಾರ ಸಾಮಗ್ರಿಯೆಂದು ಭಾವಿಸಿ, ಅವುಗಳಲ್ಲಿ ಯಾವುದು ಯಾರ ಮಾತು, ಯಾವ ವಿಷಯದ ಮಾತು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ. ಬಹುಮಟ್ಟಿಗೆ ಅವು ಹೊಸ ಚಿತ್ರದ ಬಗೆಗಿನ ತೀರ್ಪುಗಳಾಗಿರದೆ, ಹಳೆಯ ಚಿತ್ರವು ಪ್ರೇಕ್ಷಕನ ಬಾಲ್ಯದಲ್ಲಿ ಪಡೆದಿದ್ದ ಸ್ಥಾನದ ಬಗೆಗಿನ ಸಾಕ್ಷ್ಯಗಳಾಗಿವೆ ಎಂಬುದು ನಮ್ಮ ಅಭಿಪ್ರಾಯ.

ಮೊದಲಿಗೆ ‘ಮೂಲ’ ಎಂಬ ಮಾತನ್ನೇ ವಿಚಾರಿಸಬೇಕು. 1937ರ ಡಿಸೆಂಬರ್ 21ರಂದು ಲಾಸ್ ಏಂಜಲಿಸ್ ನಗರದಲ್ಲಿ ಮೊದಲ ಪ್ರದರ್ಶನ ಕಂಡ ‘ಸ್ನೋ ವೈಟ್ ಅಂಡ್ ದ ಸೆವೆನ್ ಡ್ವಾರ್ಫ್ಸ್’ ಚಿತ್ರವನ್ನು ಎಲ್ಲರೂ ಮೂಲವೆಂದೇ ಕರೆಯುತ್ತಾರೆ. ಆದರೆ ಅದೇ ಒಂದು ಮರುನಿರ್ಮಾಣ. 1916ರಲ್ಲಿ ಮಾರ್ಗರೀಟ್ ಕ್ಲಾರ್ಕ್ ಎಂಬ ನಟಿ ಅಭಿನಯಿಸಿದ ‘ಸ್ನೋ ವೈಟ್’ ಎಂಬ ಮೂಕಿ ಚಿತ್ರವೊಂದು ಬಂದಿತ್ತು. ಮರುವರ್ಷ ಕ್ಯಾನ್ಸಸ್ ಸಿಟಿಯಲ್ಲಿ ಪತ್ರಿಕೆ ಹಂಚುವ ಹುಡುಗರಿಗಾಗಿ ಅದರ ಪ್ರದರ್ಶನವೊಂದು ಏರ್ಪಟ್ಟಾಗ, ಆ ಹುಡುಗರ ಗುಂಪಿನಲ್ಲಿ ಹದಿನೈದು ವರ್ಷದ ವಾಲ್ಟ್ ಡಿಸ್ನಿಯೂ ಇದ್ದನು. ಆ ಚಿತ್ರ ತನ್ನ ಮನಸ್ಸಿನಲ್ಲಿ ಉಳಿದುಬಂದಿತೆಂದು ಆತನೇ ಮುಂದೆ ಹೇಳಿಕೊಂಡನು. ಎಂದರೆ, ಎಳವೆಯಲ್ಲಿ ಕಂಡ ನಟವರ್ಗದ ಚಿತ್ರವೊಂದನ್ನು ದೊಡ್ಡವನಾದ ಮೇಲೆ ರೇಖಾಚಿತ್ರಗಳಲ್ಲಿ ಪುನಃ ನಿರ್ಮಿಸಿದುದೇ ಈಗ ನಾವು ಮೂಲವೆನ್ನುವ ಕೃತಿ! ಇದಕ್ಕೂ ಹಿಂದೆ ಹೋದರೆ ಗ್ರಿಮ್ ಸೋದರರ 1812ರ ಸಂಕಲನ ದೊರೆಯುತ್ತದೆ. ಅಲ್ಲಿ ಕುಬ್ಜರಿಗೆ ಹೆಸರುಗಳಿಲ್ಲ. ರಾಜಕುಮಾರನ ಚುಂಬನವೂ ಇಲ್ಲ. ಶವಪೆಟ್ಟಿಗೆಯನ್ನು ಹೊತ್ತು ಬೇಸತ್ತ ಸೇವಕನೊಬ್ಬನು ಅವಳ ಬೆನ್ನಿಗೆ ಹೊಡೆದಾಗ ಗಂಟಲಿನಲ್ಲಿ ಸಿಕ್ಕಿದ್ದ ಹಣ್ಣಿನ ತುಣುಕು ಹೊರಬಂದು ಹುಡುಗಿ ಎಚ್ಚರಗೊಳ್ಳುತ್ತಾಳೆ.

1937ರ ಚಿತ್ರಕ್ಕೆ ಆಗ ಬಂದ ಪ್ರತಿಕ್ರಿಯೆಯೂ ಇಂದು ನಾವು ಊಹಿಸುವಷ್ಟು ಏಕರೂಪದ್ದಾಗಿರಲಿಲ್ಲ. ಇಂಗ್ಲೆಂಡಿನ ಸೆನ್ಸಾರ್ ಮಂಡಲಿಯು 1938ರಲ್ಲಿ ಅದಕ್ಕೆ ‘ಎ’ ಪತ್ರವನ್ನು ಕೊಟ್ಟು, ಮಕ್ಕಳು ಹಿರಿಯರೊಡನೆ ಮಾತ್ರ ನೋಡತಕ್ಕದ್ದೆಂದು ವಿಧಿಸಿತು. ಕಾಡಿನ ದೃಶ್ಯ ಮತ್ತು ಮಾಟಗಾತಿಯ ರೂಪ ಮಕ್ಕಳನ್ನು ಹೆದರಿಸುವುವೆಂಬುದೇ ಆತಂಕ. ನ್ಯೂಯಾರ್ಕಿನ ರೇಡಿಯೋ ಸಿಟಿ ಚಿತ್ರಮಂದಿರದಲ್ಲಿ ಮಕ್ಕಳು ಭಯದಿಂದ ಆಸನಗಳನ್ನು ಒದ್ದೆ ಮಾಡಿದುದರಿಂದ ಅವುಗಳ ಮಖಮಲ್ಲನ್ನು ಬದಲಾಯಿಸಬೇಕಾಯಿತೆಂಬ ಕಥೆಯೊಂದೂ ಉಂಟು. ಇದು ದಂತಕಥೆಯೇ ಇರಬೇಕು. ದಂತಕಥೆಗಳು ಸಹ ಒಂದು ಬಗೆಯ ಪ್ರತಿಕ್ರಿಯೆಗಳೇ ಎಂಬುದರಿಂದ ಇಲ್ಲಿ ಉಲ್ಲೇಖಿಸಿದ್ದೇವೆ.

ಹೀಗೆ ಭಯ, ಬೆರಗು ಎರಡನ್ನೂ ಹುಟ್ಟಿಸಿದ ಚಿತ್ರವು ಎಲ್ಲರ ಪ್ರೀತಿಯ ‘ಕ್ಲಾಸಿಕ್’ ಆದುದು ಒಂದು ವ್ಯಾಪಾರಕ್ರಮದಿಂದ. ಡಿಸ್ನಿ ಸಂಸ್ಥೆಯು ಅದನ್ನು 1944, 1952, 1958, 1967, 1975, 1983ನೆಯ ಇಸವಿಗಳಲ್ಲಿಯೂ ಆಮೇಲೆಯೂ ಮರುಬಿಡುಗಡೆ ಮಾಡಿತು. ಸುಮಾರು ಏಳೆಂಟು ವರ್ಷಗಳಿಗೊಮ್ಮೆ ಹೊಸದೊಂದು ಶಿಶುಪೀಳಿಗೆ ಚಿತ್ರಮಂದಿರಕ್ಕೆ ಬರುವಷ್ಟು ಬೆಳೆದಿರುತ್ತದೆ ಎಂಬುದು ಇದರ ಹಿಂದಿನ ಲೆಕ್ಕ. ತಾಯಿ ಕಂಡುದನ್ನೇ ಮಗಳೂ ಕಂಡಳು. 1990ರ ದಶಕದಲ್ಲಿ ವೀಡಿಯೊ ಕ್ಯಾಸೆಟ್ಟು ಈ ಕ್ರಮವನ್ನು ಬುಡಮೇಲು ಮಾಡಿತು. 1994ರ ‘ದ ಲಯನ್ ಕಿಂಗ್’ ಮರುವರ್ಷವೇ ಕ್ಯಾಸೆಟ್ಟಾಗಿ ಬಂದು ಮೂರು ಕೋಟಿಗೂ ಮಿಕ್ಕು ಪ್ರತಿಗಳು ಮಾರಾಟವಾದುವು. ಏಳು ವರ್ಷಗಳಿಗೊಮ್ಮೆ ದೊರೆಯುತ್ತಿದ್ದುದನ್ನು ಮಗುವೊಂದು ಒಂದೇ ವಾರದಲ್ಲಿ ಏಳು ಸಲ ನೋಡಬಹುದಾಯಿತು. ಪದಪದವೂ ಧ್ವನಿಯ ಏರಿಳಿತಗಳ ಸಹಿತವಾಗಿ ಬಾಯಿಪಾಠವಾದ ಮೊದಲ ಚಿತ್ರಗಳು ಇವೇ ಇರಬೇಕು. ಆ ಮಕ್ಕಳೇ 2017-19ರ ಅವಧಿಯಲ್ಲಿ ತಮ್ಮ ಮಕ್ಕಳ ಕೈಹಿಡಿದು ‘ಬ್ಯೂಟಿ ಅಂಡ್ ದ ಬೀಸ್ಟ್’, ‘ಅಲಾದಿನ್’, ‘ದ ಲಯನ್ ಕಿಂಗ್’ ಎಂಬ ಮರುನಿರ್ಮಾಣಗಳಿಗೆ ಬಂದರು. ಮೂರರಲ್ಲಿ ಪ್ರತಿಯೊಂದೂ 100 ಕೋಟಿ ಡಾಲರುಗಳಿಗಿಂತ ಹೆಚ್ಚು ಗಳಿಸಿತು. ನೆನಪು ಹತ್ತಿರವಾದಷ್ಟೂ ಗಳಿಕೆ ಹೆಚ್ಚೆಂದು ಇದರಿಂದ ನಿಯಮವನ್ನೇನೋ ಮಾಡಬಹುದು. ಆದರೆ 1950ರ ಚಿತ್ರವನ್ನು ಆಧರಿಸಿದ 2015ರ ‘ಸಿಂಡರೆಲ್ಲ’ 54 ಕೋಟಿ ಗಳಿಸಿ ಆ ನಿಯಮಕ್ಕೆ ಅಪವಾದವಾಗಿ ನಿಲ್ಲುತ್ತದೆ. ಆದುದರಿಂದ ಇದನ್ನು ನಿಯಮವೆನ್ನದೆ ಒಲವು ಎನ್ನುವುದೇ ಸರಿ.

ಇನ್ನು ಆಧಾರಗಳ ವಿಚಾರ. ಚಿತ್ರ ಬಿಡುಗಡೆಯಾಗುವ ಮೊದಲೇ ಏಳುವ ಕೂಗು ಒಂದು. ಮೊದಲ ದಿನದ ಪ್ರೇಕ್ಷಕರು ಹೊರಬರುವಾಗ ಕೊಡುವ ಮತ ಇನ್ನೊಂದು. ಟಿಕೆಟ್ಟಿನ ಲೆಕ್ಕ ಮತ್ತೊಂದು. ವಿಮರ್ಶಕರ ಬರಹ ಬೇರೊಂದು. ಇವು ಒಂದೇ ಜನದ ನಾಲ್ಕು ಮಾತುಗಳಲ್ಲ. ನಾಲ್ಕು ಜನವರ್ಗಗಳ ಮಾತುಗಳು. 2023ರ ‘ದ ಲಿಟ್ಲ್ ಮರ್ಮೇಡ್’ ಚಿತ್ರದಲ್ಲಿ ಇದು ಸ್ಪಷ್ಟವಾಗಿ ತೋರಿಬರುತ್ತದೆ.

ಕಪ್ಪು ಜನಾಂಗದ ಯುವ ಗಾಯಕಿ ಹ್ಯಾಲಿ ಬೇಲಿಯು ಮತ್ಸ್ಯಕನ್ಯೆ ಏರಿಯಲ್‌ಳ ಪಾತ್ರವನ್ನು ವಹಿಸುವಳೆಂದು 2019ರ ಜುಲೈಯಲ್ಲಿ ಪ್ರಕಟವಾಯಿತು. ಆ ಕೂಡಲೆ ಆಕ್ಷೇಪ ಆರಂಭವಾಯಿತು. ಎಂದರೆ, ಚಿತ್ರ ತೆರೆಗೆ ಬರುವುದಕ್ಕೆ ಸುಮಾರು ನಾಲ್ಕು ವರ್ಷಗಳ ಮೊದಲೇ ಅದಕ್ಕೆ ‘ಪ್ರೇಕ್ಷಕರ ಪ್ರತಿಕ್ರಿಯೆ’ ಬಂದಿದ್ದಿತು! 2022ರ ಸೆಪ್ಟೆಂಬರಿನಲ್ಲಿ ಒಂದೂವರೆ ನಿಮಿಷದಷ್ಟೂ ಇಲ್ಲದ ತುಣುಕೊಂದು ಹೊರಬಂದಾಗ ಕೂಗು ಇಮ್ಮಡಿಯಾಯಿತು. ಕಥೆ ಡೆನ್ಮಾರ್ಕಿನದು, ಆಂಡರ್ಸನ್ ಬರೆದ ಮತ್ಸ್ಯಕನ್ಯೆಯ ಮೈ ಗುಲಾಬಿ ಎಸಳಿನಂತಿತ್ತು ಎಂದು ಕೆಲವರು ವಾದಿಸಿದರು. ಕಡಲಿನ ಆಳದಲ್ಲಿ ಬಿಸಿಲು ತಲುಪದಿರುವುದರಿಂದ ಅಲ್ಲಿನ ಜೀವಿ ಕಪ್ಪಾಗಿರಲು ಸಾಧ್ಯವಿಲ್ಲವೆಂದು ಜೀವಶಾಸ್ತ್ರವನ್ನೇ ಕರೆತಂದವರೂ ಉಂಟು. ಅರ್ಧ ಮೀನಾಗಿರುವ ಕನ್ಯೆಯ ವಿಷಯದಲ್ಲಿ ಈ ಶಾಸ್ತ್ರನಿಷ್ಠೆ ಕುತೂಹಲಕರವಾದುದು. ಆಂಡರ್ಸನ್ನನ 1837ರ ಕಥೆಯಲ್ಲಿ ಮತ್ಸ್ಯಕನ್ಯೆಗೆ ರಾಜಕುಮಾರನು ದೊರೆಯುವುದಿಲ್ಲ. ಆಕೆ ಕಡಲ ನೊರೆಯಾಗಿ ಕರಗಿ ಗಾಳಿಯ ಪುತ್ರಿಯರೊಡನೆ ಸೇರುತ್ತಾಳೆ. 1989ರ ಅನಿಮೇಷನ್ ಚಿತ್ರವು ಅದನ್ನು ಮದುವೆಯಲ್ಲಿ ಮುಗಿಸಿತು. ಆಕೆಯ ಕೆಂಪು ಕೂದಲೂ ಡಿಸ್ನಿಯ ಚಿತ್ರಕಾರರು ಕೊಟ್ಟದ್ದೇ. ಆಂಡರ್ಸನ್ನನ ಹೆಸರು ಹೇಳಿದವರು ಕಾಯಲು ಹೊರಟಿದ್ದುದು ಆಂಡರ್ಸನ್ನನನ್ನಲ್ಲ, 1989ರ ಆ ಕೆಂಪು ಕೂದಲಿನ ಹುಡುಗಿಯನ್ನು. ಆಕ್ಷೇಪದಲ್ಲಿ ಜನಾಂಗದ್ವೇಷ ಇದ್ದುದನ್ನು ಮರೆಮಾಚುವುದು ಸರಿಯಲ್ಲ. ಹಾಗೆಯೇ, ಆಕ್ಷೇಪಿಸಿದವರೆಲ್ಲರೂ ದ್ವೇಷಿಗಳೆಂದು ಬರೆಯುವುದೂ ಸರಿಯಲ್ಲ. ಬಾಲ್ಯದ ಬೊಂಬೆಯ ಮುಖವನ್ನು ಬೇರೆಯವರು ಬದಲಾಯಿಸಿದಾಗ ಆಗುವ ಕಸಿವಿಸಿ ಅವರಲ್ಲಿ ಅನೇಕರಿಗಿದ್ದಿರಬೇಕು.

ಅದೇ ತುಣುಕಿಗೆ ಅದೇ ವಾರ ಇನ್ನೊಂದು ಬಗೆಯ ಪ್ರತಿಕ್ರಿಯೆಯೂ ದಾಖಲಾಯಿತು. ಕಪ್ಪು ಜನಾಂಗದ ತಾಯಿತಂದೆಯರು ತಮ್ಮ ಪುಟ್ಟ ಹೆಣ್ಣುಮಕ್ಕಳಿಗೆ ಆ ತುಣುಕನ್ನು ತೋರಿಸಿ, ಅವರ ಮುಖದಲ್ಲಿ ಮೂಡಿದ ಭಾವವನ್ನು ಚಿತ್ರೀಕರಿಸಿ ಪ್ರಕಟಿಸಿದರು. ಆಕೆ ತನ್ನಂತೆಯೇ ಇದ್ದಾಳೆ ಎಂದು ಮಕ್ಕಳು ಬೆರಗಾಗುವ ಇಂತಹ ದೃಶ್ಯಗಳು ಲಕ್ಷಾಂತರ ಜನರನ್ನು ತಲುಪಿದುವು. ಇಲ್ಲಿಯೂ ಎಚ್ಚರ ಅಗತ್ಯ: ಮಗುವಿನ ಮುಂದೆ ಕ್ಯಾಮೆರಾ ಹಿಡಿದವರು ದೊಡ್ಡವರೇ. ಆದರೂ ಈ ವಿವಾದದಲ್ಲೆಲ್ಲ ಮಕ್ಕಳ ಚಿತ್ರವೊಂದಕ್ಕೆ ಮಕ್ಕಳು ತೋರಿದ ಪ್ರತಿಕ್ರಿಯೆಯೆಂದು ಉಳಿದಿರುವುದು ಬಹುಮಟ್ಟಿಗೆ ಇದೊಂದೇ.

2023ರ ಮೇ ತಿಂಗಳಿನಲ್ಲಿ ಚಿತ್ರ ಬಿಡುಗಡೆಯಾದಾಗ, ಮೊದಲ ದಿನದ ಪ್ರೇಕ್ಷಕರಿಂದ ಚೀಟಿಗಳಲ್ಲಿ ಅಂಕ ಪಡೆಯುವ ಸಿನೆಮಾಸ್ಕೋರ್ ಎಂಬ ಅಮೆರಿಕದ ಸಂಸ್ಥೆಯಲ್ಲಿ ಅದಕ್ಕೆ ‘ಎ’ ಶ್ರೇಣಿ ಬಂದಿತು. ಅದೇ ಹೊತ್ತಿನಲ್ಲಿ ಅಂತರಜಾಲದ ಐಎಂಡಿಬಿ ಎಂಬ ಚಿತ್ರಕೋಶದಲ್ಲಿ ಅತ್ಯಂತ ಕೆಳಗಿನ ಅಂಕಗಳು ರಾಶಿರಾಶಿಯಾಗಿ ಬೀಳುತ್ತಿದ್ದುವು. ಮತದಾನದಲ್ಲಿ ಅಸಹಜತೆ ಕಂಡುದರಿಂದ ಎಣಿಕೆಯ ಕ್ರಮವನ್ನೇ ಬದಲಾಯಿಸಿರುವುದಾಗಿ ಆ ಸಂಸ್ಥೆ ಪ್ರಕಟಿಸಬೇಕಾಯಿತು. ಇವುಗಳಲ್ಲಿ ಯಾವುದು ನಿಜ? ಎರಡೂ ನಿಜ. ಹಣ ಕೊಟ್ಟು ಒಳಗೆ ಹೋದವರು ಸಾಮಾನ್ಯವಾಗಿ ಒಪ್ಪಲು ಸಿದ್ಧರಾಗಿಯೇ ಹೋದವರು. ಹೊರಗೆ ನಿಂತು ಅಂಕ ಕೊಟ್ಟವರಲ್ಲಿ ಚಿತ್ರವನ್ನು ನೋಡದವರೂ ಉಂಟು. ಟಿಕೆಟ್ಟಿನ ಲೆಕ್ಕವು ಮೂರನೆಯ ಸಂಗತಿಯೊಂದನ್ನು ತಿಳಿಸುತ್ತದೆ: ಒಟ್ಟು ಗಳಿಕೆಯಾದ ಸುಮಾರು 57 ಕೋಟಿ ಡಾಲರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಮೆರಿಕ ಮತ್ತು ಕೆನಡಗಳಿಂದಲೇ ಬಂದಿತು, ಚೀನ ಮತ್ತು ದಕ್ಷಿಣ ಕೊರಿಯಗಳಲ್ಲಿ ಗಳಿಕೆ ಅತ್ಯಲ್ಪ. 2019ರ ‘ಅಲಾದಿನ್’ ಚಿತ್ರಕ್ಕೆ ಇದಕ್ಕೆ ವಿರುದ್ಧವಾಗಿ ಗಳಿಕೆಯ ಮೂರರಲ್ಲಿ ಎರಡು ಪಾಲು ಹೊರದೇಶಗಳಿಂದ ಬಂದಿದ್ದಿತು.

ಬಿಡುಗಡೆಗೆ ಮೊದಲಿನ ಕೂಗಿಗೆ ಬೆಲೆಯೇ ಇಲ್ಲವೆಂದು ಇದರಿಂದ ತೀರ್ಮಾನಿಸಬಾರದು. 2025ರ ‘ಸ್ನೋ ವೈಟ್’ ಚಿತ್ರಕ್ಕೂ ಇಂತಹುದೇ ಕೂಗು ಎದ್ದಿತ್ತು. ನಾಯಕಿ ರೇಚೆಲ್ ಜೆಗ್ಲರ್ 1937ರ ಚಿತ್ರದ ಬಗೆಗೆ ಆಡಿದ ಹಗುರವಾದ ಮಾತುಗಳು, ಕುಬ್ಜ ದೇಹದ ನಟ ಪೀಟರ್ ಡಿಂಕ್ಲೇಜ್ 2022ರಲ್ಲಿ ಕುಬ್ಜರ ಚಿತ್ರಣವನ್ನು ಖಂಡಿಸಿದುದು, ಸಂಸ್ಥೆಯು ಆ ಪಾತ್ರಗಳನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸಿದುದು, ಅದರಿಂದ ಕುಬ್ಜ ನಟರಿಗೆ ಕೆಲಸ ತಪ್ಪಿತೆಂಬ ಇನ್ನೊಂದು ದೂರು – ಹೀಗೆ ಯಾರನ್ನೂ ತೃಪ್ತಿಪಡಿಸದ ಸ್ಥಿತಿ ಉಂಟಾಯಿತು. ಈ ಸಲ ಒಳಗೆ ಹೋದವರೂ ‘ಬಿ ಪ್ಲಸ್’ ಮಾತ್ರ ಕೊಟ್ಟರು. ಮಕ್ಕಳ ಚಿತ್ರಗಳ ಮಟ್ಟಿಗೆ ಇದು ಮೆಚ್ಚುಗೆಯಲ್ಲ.

ಪಾತ್ರಧಾರಿಗಳ ವಿವಾದಗಳಿಗಿಂತ ನಮಗೆ ಹೆಚ್ಚು ಆಸಕ್ತಿಯನ್ನು ಹುಟ್ಟಿಸಿದುದು 2019ರ ‘ದ ಲಯನ್ ಕಿಂಗ್’ ಚಿತ್ರಕ್ಕೆ ಬಂದ ದೂರು. ಏಕೆಂದರೆ ಅದು ಕಲಾರೂಪವನ್ನೇ ಕುರಿತದ್ದು. ಜಾನ್ ಫಾವ್ರೋ ನಿರ್ದೇಶಿಸಿದ ಈ ಚಿತ್ರದಲ್ಲಿ ಮೊದಲ ಸೂರ್ಯೋದಯದ ಒಂದು ದೃಶ್ಯವನ್ನು ಬಿಟ್ಟರೆ ಮಿಕ್ಕದ್ದೆಲ್ಲ ಕಂಪ್ಯೂಟರಿನಲ್ಲಿ ಹುಟ್ಟಿದುದು. ಗೋಲ್ಡನ್ ಗ್ಲೋಬ್ ಪ್ರಶಸ್ತಿಯವರು ಅದನ್ನು ಅನಿಮೇಷನ್ ಚಿತ್ರವೆಂದೇ ಪರಿಗಣಿಸಿದರು. ಆದರೂ ಜನರು ಅದನ್ನು ‘ಲೈವ್ ಆ್ಯಕ್ಷನ್’ ಎಂದೇ ಕರೆದರು. ಕಾರಣ, ಸಿಂಹವು ಸಿಂಹದಂತೆಯೇ ಇದ್ದಿತು. ದೂರು ಹುಟ್ಟಿದುದೂ ಇಲ್ಲಿಯೇ. 1994ರ ಚಿತ್ರಕಾರರು ಸಿಂಹಕ್ಕೆ ಮನುಷ್ಯನ ಹುಬ್ಬನ್ನು ಕೊಟ್ಟಿದ್ದರು, ತುಟಿಯನ್ನು ಕೊಟ್ಟಿದ್ದರು. ದುಷ್ಟನಾದ ಸ್ಕಾರ್‌ನಿಗೆ ಕಪ್ಪು ಕೇಸರವನ್ನೂ ಹಸುರು ಕಣ್ಣನ್ನೂ ಕೊಟ್ಟಿದ್ದರು. ತಂದೆಯ ಶವದ ಬಳಿ ನಿಂತ ಮರಿಯ ಮುಖದಲ್ಲಿ ದುಃಖವನ್ನು ಮಗು ಓದಬಲ್ಲುದಾಗಿದ್ದಿತು. ನಿಜವಾದ ಸಿಂಹದ ಮರಿಗೆ ಅಳುವ ಮುಖವಿಲ್ಲ. ಮುಫಾಸನ ಧ್ವನಿಯನ್ನು ಎರಡು ಚಿತ್ರಗಳಲ್ಲಿಯೂ ಕೊಟ್ಟವನು ಜೇಮ್ಸ್ ಅರ್ಲ್ ಜೋನ್ಸನೇ; ಅದೇ ಧ್ವನಿ, ಆದರೆ ಮುಖ ನಿಶ್ಚಲ. ಕೆಲವು ಅಭಿಮಾನಿ ಕಲಾವಿದರು ಹೊಸ ಚಿತ್ರದ ಮುಖಗಳ ಮೇಲೆ ಹಳೆಯ ಹುಬ್ಬು ಕಣ್ಣುಗಳನ್ನು ಬರೆದು ಪ್ರಕಟಿಸಿದರು. ಹತ್ತಾರು ವಿಮರ್ಶೆಗಳು ಹೇಳಲು ಯತ್ನಿಸಿದುದನ್ನು ಈ ಚಿತ್ರಗಳು ಒಂದೇ ನೋಟಕ್ಕೆ ತಿಳಿಸಿದುವು.

ಇನ್ನೊಂದು ಉದಾಹರಣೆ ಇತಿಹಾಸದ ವಿದ್ಯಾರ್ಥಿಗಳಿಗೆ ರುಚಿಸೀತು. 1994ರ ಚಿತ್ರದಲ್ಲಿ ಸ್ಕಾರ್ ತನ್ನ ಸಂಚನ್ನು ಹಾಡುವಾಗ ಕತ್ತೆಕಿರುಬಗಳು ಸಾಲುಗಟ್ಟಿ ಆತನ ಮುಂದೆ ನಡೆಯುತ್ತವೆ. ಈ ದೃಶ್ಯವನ್ನು ನಾಟ್ಸಿ ಜರ್ಮನಿಯ 1935ರ ಪ್ರಚಾರಚಿತ್ರದ ಸೇನಾನಡಿಗೆಯ ಮಾದರಿಯಲ್ಲಿ ರಚಿಸಲಾಗಿತ್ತು. ಹಸುರು ಬೆಳಕು, ಏಳುವ ಬಂಡೆಗಳು, ಕೊನೆಗೆ ಬಾಲಚಂದ್ರ – ಇವೆಲ್ಲವೂ ರೇಖೆಯಲ್ಲಿ ಸಾಧ್ಯ. ನಿಸರ್ಗದ ನಕಲಿನಲ್ಲಿ ಅಸಾಧ್ಯವಾದುದರಿಂದ ಹೊಸ ಚಿತ್ರದಲ್ಲಿ ಆ ಹಾಡು ಮೊಟಕಾಗಿ, ಬಹುಪಾಲು ಮಾತಾಗಿ ಮುಗಿಯಿತು. ಪ್ರೇಕ್ಷಕರು ಅದನ್ನು ಕೂಡಲೆ ಗುರುತಿಸಿ ಗೊಣಗಿದರು. ಈ ಗೊಣಗಾಟದಿಂದ ನಾವು ಕಲಿಯುವುದು 2019ರ ಚಿತ್ರದ ದೋಷವನ್ನಷ್ಟೇ ಅಲ್ಲ. 1994ರಲ್ಲಿ ಐದು ವರ್ಷದ ಮಗುವಿಗೆ ಆ ಚಿತ್ರ ಏನನ್ನು ಕೊಟ್ಟಿತ್ತೆಂಬುದನ್ನು. ಆಗ ಯಾರೂ ಆ ಮಗುವನ್ನು ಕೇಳಿ ಬರೆದಿಟ್ಟಿರಲಿಲ್ಲ. ಇಪ್ಪತ್ತೈದು ವರ್ಷಗಳ ಮೇಲೆ, ಕಳೆದುಹೋಯಿತೆಂದು ಅತ್ತಾಗ, ಅದು ದಾಖಲಾಯಿತು. ವಿಮರ್ಶೆಗಳಲ್ಲಿ ಅರ್ಧದಷ್ಟು ಪ್ರತಿಕೂಲವಾಗಿದ್ದರೂ ಚಿತ್ರಕ್ಕೆ ಪ್ರೇಕ್ಷಕರಿಂದ ‘ಎ’ ಶ್ರೇಣಿ ಬಂದುದಕ್ಕೂ, 165 ಕೋಟಿ ಡಾಲರುಗಳು ಹರಿದುಬಂದುದಕ್ಕೂ ಇದರಲ್ಲಿ ವಿರೋಧವಿಲ್ಲ; ನೆನಪನ್ನು ಕೆದಕಿದ ಮಟ್ಟಿಗೆ ಚಿತ್ರವು ತನ್ನ ಕೆಲಸವನ್ನು ಮಾಡಿತ್ತು.

ಪ್ರೇಕ್ಷಕರ ಬೇಡಿಕೆ ಸದಾ ಒಂದೇ ದಿಕ್ಕಿನದೂ ಅಲ್ಲ. ‘ಅಲಾದಿನ್’ ಚಿತ್ರದ ಜೀನಿಯಾಗಿ ವಿಲ್ ಸ್ಮಿತ್ 2018ರ ಕೊನೆಯಲ್ಲಿ ನೀಲಿಯಿಲ್ಲದೆ ಕಾಣಿಸಿಕೊಂಡಾಗ ನೀಲಿ ಎಲ್ಲಿ ಎಂದು ಕೇಳಿದರು. ಕೆಲವು ವಾರಗಳ ಮೇಲೆ ನೀಲಿಯಾಗಿ ಬಂದಾಗ, ಇಷ್ಟು ನೀಲಿಯೇ ಎಂದು ನಕ್ಕರು. 2020ರ ‘ಮುಲಾನ್’ ಚಿತ್ರಕ್ಕಾದುದು ಇದಕ್ಕಿಂತ ಗಂಭೀರ. 1998ರ ಅನಿಮೇಷನ್ ಚಿತ್ರ ಚೀನದಲ್ಲಿ ಸೋತಿತ್ತು. ಅಲ್ಲಿನವರಿಗೆ ಆ ಹುಡುಗಿ ಪರದೇಶಿಯಾಗಿ ಕಂಡಿದ್ದಳು. ಅವರನ್ನು ಒಲಿಸಲೆಂದು ಮರುನಿರ್ಮಾಣದಲ್ಲಿ ಹಾಡುಗಳನ್ನೂ ಮೂಷೂ ಎಂಬ ಹಾಸ್ಯದ ಡ್ರ್ಯಾಗನ್ನನ್ನೂ ಕೈಬಿಟ್ಟರು. ಅಮೆರಿಕದವರು ತಮ್ಮ ಬಾಲ್ಯದ ಹಾಡು ಎಲ್ಲಿ ಎಂದರು. ಚೀನದವರು, ಉತ್ತರದ ವೀರಕನ್ಯೆಯನ್ನು ತೆಂಕಣ ಫೂಜಿಯನ್ ಪ್ರಾಂತ್ಯದ ದುಂಡುಮನೆಯಲ್ಲಿ ಇರಿಸಿದುದೇಕೆ ಎಂದರು. ಅತ್ತ ದರಿ, ಇತ್ತ ಪುಲಿ. ಶಿನ್‌ಜಿಯಾಂಗಿನ ಸರ್ಕಾರಿ ಇಲಾಖೆಗಳಿಗೆ ಚಿತ್ರದ ಕೊನೆಯಲ್ಲಿ ಕೃತಜ್ಞತೆ ಸಲ್ಲಿಸಿದುದರಿಂದ ಎದ್ದ ರಾಜಕೀಯ ಖಂಡನೆ ಬೇರೆಯೇ ವಿಷಯ.

‘ಲಿಲೊ ಅಂಡ್ ಸ್ಟಿಚ್’ ಚಿತ್ರದ ಗೆಲವನ್ನೂ ಒಪ್ಪಿಗೆಯೆಂದು ಓದಿದರೆ ತಪ್ಪಾದೀತು. ಹವಾಯಿ ದ್ವೀಪದಲ್ಲಿ ತಾಯಿತಂದೆಯರಿಲ್ಲದ ತಂಗಿಯನ್ನು ಸರ್ಕಾರದ ವಶಕ್ಕೆ ಬಿಡದೆ ಸಾಕುವ ಅಕ್ಕ ನಾನಿಯ ಹೋರಾಟವೇ 2002ರ ಕಥೆಯ ತಿರುಳು. ಹೊಸ ಚಿತ್ರದ ಕೊನೆಯಲ್ಲಿ ಅಕ್ಕನು ತಂಗಿಯನ್ನು ನೆರೆಯ ಅಜ್ಜಿಯ ಪಾಲನೆಗೆ ಒಪ್ಪಿಸಿ ಕ್ಯಾಲಿಫೋರ್ನಿಯಕ್ಕೆ ಓದಲು ಹೋಗುತ್ತಾಳೆ. ಚಿತ್ರವನ್ನು ಹಣ ಕೊಟ್ಟು ನೋಡಿ ಮೆಚ್ಚಿದವರಲ್ಲಿಯೇ ಅನೇಕರು ಇದನ್ನು ಸಹಿಸಲಿಲ್ಲ. 1893ರಲ್ಲಿ ರಾಜ್ಯವನ್ನು ಕಳೆದುಕೊಂಡು, 1898ರಲ್ಲಿ ಅಮೆರಿಕಕ್ಕೆ ಸೇರಿಹೋದ ನಾಡಿನಲ್ಲಿ ಮಗುವನ್ನು ಬಿಟ್ಟುಕೊಟ್ಟು ಹೊರನಾಡಿಗೆ ಹೋಗುವುದಕ್ಕೆ ಬೇರೆಯೇ ಅರ್ಥವುಂಟೆಂದು ಅವರ ವಾದ. ಬಂಧುಬಳಗದವರೂ ನೆರೆಯವರೂ ಮಗುವನ್ನು ಸಾಕಿಕೊಳ್ಳುವುದು ಹವಾಯಿಯ ಹಳೆಯ ಪದ್ಧತಿಯೇ ಆದುದರಿಂದ ಇದರಲ್ಲಿ ತಪ್ಪಿಲ್ಲವೆಂದು ಇತರರು ಉತ್ತರಿಸಿದರು. ಈ ಚರ್ಚೆಯ ಸುಳಿವೂ 100 ಕೋಟಿ ಡಾಲರುಗಳ ಲೆಕ್ಕದಲ್ಲಿ ಸಿಕ್ಕುವುದಿಲ್ಲ.

ನಮ್ಮ ದೇಶಕ್ಕೆ ಬಂದರೆ, 2016ರ ‘ದ ಜಂಗಲ್ ಬುಕ್’ ಚಿತ್ರದ ಸಂಗತಿ ಈ ವಿವೇಚನೆಗೆ ಅಚ್ಚುಕಟ್ಟಾದ ಪುರಾವೆ. ಕಥೆ ನಡೆಯುವುದು ಮಧ್ಯಪ್ರದೇಶದ ಸಿವನಿ ಕಾಡಿನಲ್ಲಿ. ಚಿತ್ರೀಕರಣವಾದುದು ಲಾಸ್ ಏಂಜಲಿಸ್ ನಗರದ ನಡುವೆ. ಭಾರತದಲ್ಲಿ ಅದು ಏಪ್ರಿಲ್ 8ರಂದು, ಅಮೆರಿಕಕ್ಕಿಂತ ಒಂದು ವಾರ ಮೊದಲೇ, ಬಿಡುಗಡೆಯಾಗಿ ಅಪಾರ ಜನರನ್ನು ಸೆಳೆಯಿತು. ಆದರೆ ಇಲ್ಲಿನ ಪ್ರೇಕ್ಷಕರು ಹೊತ್ತು ತಂದ ನೆನಪು ಡಿಸ್ನಿಯ 1967ರ ಚಿತ್ರದ್ದಲ್ಲ. 1990ರ ದಶಕದ ಆರಂಭದಲ್ಲಿ ದೂರದರ್ಶನವು ಭಾನುವಾರಗಳಂದು ಹಿಂದಿಯಲ್ಲಿ ತೋರಿಸಿದ ಜಪಾನೀ ಅನಿಮೇಷನ್ ಧಾರಾವಾಹಿಯೊಂದರದು. ಅದಕ್ಕೆ ಗುಲ್ಜಾರರು ಬರೆದು ವಿಶಾಲ್ ಭಾರದ್ವಾಜರು ಸಂಗೀತ ಕೊಟ್ಟ ಹಿಂದಿ ಹಾಡಿದ್ದಿತು. 2016ರಲ್ಲಿ ಡಿಸ್ನಿ ಸಂಸ್ಥೆಯವರು ಆ ಹಾಡನ್ನೇ ಪುನಃ ಧ್ವನಿಮುದ್ರಿಸಿ ಪ್ರಚಾರಕ್ಕೆ ಬಳಸಿದರು; ಧಾರಾವಾಹಿಯಲ್ಲಿ ಶೇರ್‌ಖಾನನ ಧ್ವನಿಯಾಗಿದ್ದ ನಾನಾ ಪಾಟೇಕರರನ್ನೇ ಹಿಂದಿ ಚಿತ್ರಕ್ಕೂ ಕರೆತಂದರು. ತಮ್ಮದಲ್ಲದ ಕೃತಿಯ ನೆನಪಿನಿಂದ ತಮ್ಮ ಕೃತಿಯನ್ನು ಮಾರಿದರು ಎನ್ನಬಹುದು.

ಚಿತ್ರವು ಹಿಂದಿ, ತಮಿಳು, ತೆಲುಗುಗಳಲ್ಲಿ ಬಂದಿತು, ಕನ್ನಡದಲ್ಲಿ ಬರಲಿಲ್ಲ. 1960ರ ದಶಕದಿಂದ ಕನ್ನಡ ಚಿತ್ರೋದ್ಯಮದಲ್ಲಿ ಡಬ್ಬಿಂಗಿಗೆ ಅಲಿಖಿತ ನಿರ್ಬಂಧವಿದ್ದಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಆ ನಿರ್ಬಂಧದ ವಿರುದ್ಧ ಆಜ್ಞೆ ಹೊರಡಿಸಿದ್ದರೂ ಆಚರಣೆ ಬದಲಾಗಲು ಇನ್ನೂ ಕೆಲವು ವರ್ಷ ಹಿಡಿಯಿತು. ಆದುದರಿಂದ ಕನ್ನಡದ ಮಗುವಿಗೆ ಮೋಗ್ಲಿಯು ಮೊದಲು ಹಿಂದಿ ಆಡಿದನು, ಅನಂತರ ಇಂಗ್ಲಿಷನ್ನೋ ಹಿಂದಿಯನ್ನೋ ಆಡಿದನು. ಆ ಧಾರಾವಾಹಿಯನ್ನು ಕಂಡ ಮಕ್ಕಳು ಈಗ ನಲವತ್ತರ ಆಸುಪಾಸಿನಲ್ಲಿದ್ದಾರೆ. ಅವರಲ್ಲಿ ಹಲವರು ನಮ್ಮ ಕಾಲೇಜುಗಳ ಅಧ್ಯಾಪಕರು. ಮೌಖಿಕ ಇತಿಹಾಸದ ಅಭ್ಯಾಸಕ್ಕಾಗಿ ವಿಷಯ ಹುಡುಕುವ ವಿದ್ಯಾರ್ಥಿಗಳು ಅವರನ್ನು ಕೇಳಬಹುದು: ಆ ಹಿಂದಿ ಹಾಡು ಅರ್ಥವಾಗುತ್ತಿದ್ದಿತೆ, ಅರ್ಥವಾಗದಿದ್ದಲ್ಲಿ ಏನೆಂದು ಹಾಡಿಕೊಳ್ಳುತ್ತಿದ್ದರು, ಬೀದಿಯ ಆಟಗಳಲ್ಲಿ ಶೇರ್‌ಖಾನನಾಗಿ ಯಾವ ಭಾಷೆಯಲ್ಲಿ ಗರ್ಜಿಸುತ್ತಿದ್ದರು, 2016ರಲ್ಲಿ ತಮ್ಮ ಮಕ್ಕಳನ್ನು ಯಾವ ಭಾಷೆಯ ಪ್ರದರ್ಶನಕ್ಕೆ ಕರೆದೊಯ್ದರು ಎಂದು.